ಅರ್ಧಕ್ಕೆ ನಿಂತ ಬರವಣಿಗೆ: ದೋಷ ಪತ್ತೆ, ದುರಸ್ತಿ ಮತ್ತು ಕೈಬಿಡುವ ಕ್ರಮ

ಈ ಕೈಪಿಡಿ ಯಾರಿಗಾಗಿ

ಕಾದಂಬರಿ, ಕಥೆ, ನಾಟಕ ಅಥವಾ ಕಥನಕವನವೊಂದನ್ನು ಒಂದಷ್ಟು ದೂರ ಬರೆದು, ಮುಂದೆ ಸಾಗಲಾರದೆ ನಿಲ್ಲಿಸಿ, ಅದನ್ನು ಮುಂದುವರಿಸಬೇಕೋ ಕೈಬಿಡಬೇಕೋ ಎಂಬುದನ್ನು ತೀರ್ಮಾನಿಸದೆ ಉಳಿದಿರುವವರಿಗಾಗಿ ಇದನ್ನು ಬರೆದಿದ್ದೇನೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಬರೆಯುವವರು ಬಹುಪಾಲು ಬೇರೆ ಕೆಲಸದಿಂದ ಸಂಸಾರ ಸಾಗಿಸುವವರು: ಶಾಲಾ ಶಿಕ್ಷಕರು, ಸಹಕಾರಿ ಸಂಘಗಳ ನೌಕರರು, ಒಕ್ಕಲುತನದವರು, ಮನೆಗೆಲಸ ಮುಗಿದ ಮೇಲೆ ರಾತ್ರಿ ಬರೆಯಲು ಕೂಡುವ ಹೆಣ್ಣುಮಕ್ಕಳು. ಇಂಥವರ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ನನ್ನ ಪಾಲಿಗೆ ಆಗಾಗ ಬರುತ್ತದೆ. ಆ ಓದಿನಿಂದ ನನಗೆ ಖಚಿತವಾದ ಸಂಗತಿಯೆಂದರೆ, ಬರಹ ನಿಂತುಹೋದದ್ದರಿಂದ ಆಗುವ ಹಾನಿಗಿಂತ ನಿಂತ ಬರಹದ ಬಗ್ಗೆ ಯಾವ ತೀರ್ಮಾನವನ್ನೂ ಮಾಡದೆ ಇರುವುದರಿಂದ ಆಗುವ ಹಾನಿ ದೊಡ್ಡದು.

ನಿಂತ ಬರಹದ ಮುಂದೆ ಮೂರು ದಾರಿಗಳಿವೆ. ದುರಸ್ತಿ ಮಾಡಿ ಮುಂದುವರಿಸಬಹುದು, ಕಾರಣ ಬರೆದಿಟ್ಟು ಕೆಲಕಾಲ ಎತ್ತಿಡಬಹುದು, ಅಥವಾ ಪೂರ್ತಿಯಾಗಿ ಕೈಬಿಡಬಹುದು. ಮೂರರಲ್ಲಿ ಯಾವುದನ್ನು ಆರಿಸಿಕೊಂಡರೂ ಬರೆಯುವವರ ಮರ್ಯಾದೆಗೆ ಕುಂದಿಲ್ಲ. ಬರೆಯುವುದೂ ಇಲ್ಲ, ಬಿಟ್ಟೆನೆಂದು ಒಪ್ಪಿಕೊಳ್ಳುವುದೂ ಇಲ್ಲ ಎಂಬ ನಾಲ್ಕನೆಯ ಸ್ಥಿತಿಯೇ ಇಲ್ಲಿ ನಿವಾರಿಸಬೇಕಾದ ದೋಷ. ಹೊಸ ಕಥೆಗೆ ಕೂತಾಗಲೆಲ್ಲ ಹಳೆಯದನ್ನು ಮೊದಲು ಮುಗಿಸಬೇಕಿತ್ತೆಂಬ ಯೋಚನೆ ಬಂದು ಕೈ ಹಿಂಜರಿಯುವುದು ಇದರ ಮೊದಲ ಲಕ್ಷಣ. ಯಾರಾದರೂ ವಿಚಾರಿಸಿದಾಗ "ನಡದೈತ್ರಿ" ಎಂದು ಹೇಳುತ್ತ, ಆ ಕಡತವನ್ನು ಮಾತ್ರ ತೆರೆಯದೆ ಇರುವುದು ಎರಡನೆಯದು. ಈ ಎರಡೂ ನಿಮ್ಮಲ್ಲಿ ಕಂಡರೆ ಮುಂದಿನ ಪರೀಕ್ಷೆಗಳನ್ನು ಹೇಳಿದ ಕ್ರಮದಲ್ಲಿಯೇ ಮಾಡಿ. ಬಿಡಬೇಕೆಂದೋ ಮುಗಿಸಲೇಬೇಕೆಂದೋ ಮೊದಲೇ ನಿಶ್ಚಯಿಸಿಕೊಂಡು ಕೂತರೆ ಪರೀಕ್ಷೆಯಿಂದ ಪ್ರಯೋಜನವಾಗುವುದಿಲ್ಲ.

ಪರೀಕ್ಷೆಗೆ ಮೊದಲು

ಬರಹದ ಎಲ್ಲ ಭಾಗಗಳನ್ನೂ ಒಂದೆಡೆ ತನ್ನಿ. ಮೊದಲ ಅಧ್ಯಾಯಗಳು ಒಂದು ವಹಿಯಲ್ಲಿ, ನಡುವಿನವು ಮೊಬೈಲಿನಲ್ಲಿ, ಕೊನೆಯವು ಹಳೆಯ ಡೈರಿಯ ಖಾಲಿ ಹಾಳೆಗಳಲ್ಲಿ ಇರುವುದು ಸಾಮಾನ್ಯ, ಮತ್ತು ಹೀಗೆ ಚದುರಿರುವ ಬರಹವನ್ನು ಅದರ ಕರ್ತೃವೇ ಆದಿಯಿಂದ ಓದಿರುವುದಿಲ್ಲ. ಊರಿನ ಡಿಟಿಪಿ ಅಂಗಡಿಯಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪು ಮಾಡಿಸಿದ ಕಡತವಾಗಿದ್ದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಕಡತ ಕೆಟ್ಟುಹೋಯಿತೆಂದು ತಿಳಿದು ಅಲ್ಲಿಗೇ ಬಿಟ್ಟವರನ್ನು ನಾನು ಬಲ್ಲೆ. ಅದು ಕೆಟ್ಟಿರುವುದಿಲ್ಲ; ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕದ ಮೂಲಕ ಹಾಯಿಸಿದರೆ ಮತ್ತೆ ಓದಲು ಸಿಗುತ್ತದೆ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಲವೆಡೆ ಸ್ಥಾನ ತಪ್ಪುವುದರಿಂದ ಒಮ್ಮೆ ತಿದ್ದಿಕೊಳ್ಳಬೇಕಾಗುತ್ತದೆ, ಅಷ್ಟೆ.

ಎಲ್ಲವನ್ನೂ ಕೂಡಿಸಿದ ಮೇಲೆ ಪೆನ್ನು ಹಿಡಿಯದೆ ಓದಿ. ಇದು ಕಟ್ಟುನಿಟ್ಟಿನ ಸೂಚನೆ. ತಿದ್ದುತ್ತ ಓದುವವರು ಮೊದಲ ಅಧ್ಯಾಯವನ್ನು ಮತ್ತೊಮ್ಮೆ ಹಸನುಗೊಳಿಸಿ ದಣಿದು, ದೋಷವಿರುವ ಭಾಗವನ್ನು ತಲುಪುವುದೇ ಇಲ್ಲ.

ದೋಷ ಸಮಯದ್ದೋ, ಬರಹದ್ದೋ

ಬರಹ ನಿಂತದ್ದು ಯಾವ ತಿಂಗಳಲ್ಲಿ ಎಂದು ನೆನಪಿಸಿಕೊಳ್ಳಿ. ಹಿಂಗಾರಿ ಜೋಳದ ಬಿತ್ತಿಗೆ ನಡೆಯುವ ಸೆಪ್ಟೆಂಬರ್ ಮತ್ತು ಅಕ್ಟೋಬರ್, ಕಬ್ಬಿನ ಕಟಾವಿಗೆ ಆಳುಗಳ ಹಿಂದೆ ತಿರುಗಬೇಕಾದ ಚಳಿಗಾಲ, ಶಿಕ್ಷಕರಿಗೆ ಪರೀಕ್ಷೆ ಮತ್ತು ಮೌಲ್ಯಮಾಪನ ಬರುವ ಮಾರ್ಚ್ ಮತ್ತು ಏಪ್ರಿಲ್, ಇವು ನಮ್ಮ ಕಡೆ ಬರಹ ನಿಲ್ಲುವ ತಿಂಗಳುಗಳು. ಆ ಕೆಲಸ ಮುಗಿದ ಮೇಲೆ ಕೂತಾಗ ಬರಹ ತಾನಾಗಿ ಮುಂದೆ ಸರಿದರೆ ಅದರಲ್ಲಿ ದೋಷವೇನೂ ಇರಲಿಲ್ಲ. ಈ ಕೈಪಿಡಿಯ ಉಳಿದ ಭಾಗ ನಿಮಗೆ ಬೇಕಾಗಿಲ್ಲ.

ಸಮಯವಿಲ್ಲವೆಂಬ ಕಾರಣವನ್ನು ಪರೀಕ್ಷಿಸಲು ಸರಳವಾದ ಒಂದು ದಾರಿಯಿದೆ. ಅದೇ ಅವಧಿಯಲ್ಲಿ ನೀವು ಬೇರೇನನ್ನಾದರೂ ಬರೆದಿರೋ ನೋಡಿ. ರಾಜ್ಯೋತ್ಸವದ ಕವಿಗೋಷ್ಠಿಗೆ ಕವನ ಬರೆದಿದ್ದರೆ, ದೀಪಾವಳಿ ವಿಶೇಷಾಂಕಕ್ಕೆ ಕಥೆ ಕಳಿಸಿದ್ದರೆ, ನಿವೃತ್ತರಾದ ಗುರುಗಳ ಅಭಿನಂದನ ಗ್ರಂಥಕ್ಕೆ ಲೇಖನ ಕೊಟ್ಟಿದ್ದರೆ, ನಿಮಗೆ ಸಮಯವಿತ್ತು. ಈ ಬರಹಕ್ಕೆ ಕೂಡಲು ಮಾತ್ರ ಮನಸ್ಸು ಒಪ್ಪಲಿಲ್ಲ. ಮನಸ್ಸು ಒಪ್ಪದಿರುವುದಕ್ಕೆ ಬಹುತೇಕ ಸಲ ಬರಹದೊಳಗೇ ಕಾರಣ ಇರುತ್ತದೆ. ಅದನ್ನು ಸೋಮಾರಿತನವೆಂದು ಕರೆದು ತಮ್ಮನ್ನು ತಾವೇ ಬೈದುಕೊಳ್ಳುವವರಿಗೆ ನಾನು ಹೇಳುವುದು, ಬರೆಯುವವನ ಕೈ ತಪ್ಪನ್ನು ಬುದ್ಧಿಗಿಂತ ಮೊದಲೇ ಗುರುತಿಸಿರಬಹುದು ಎಂದು.

ನಿಂತ ಪುಟ ಬೇರೆ, ಕೆಟ್ಟ ಪುಟ ಬೇರೆ

ಬಹಳಷ್ಟು ಜನ ತಾವು ನಿಲ್ಲಿಸಿದ ಪುಟವನ್ನೇ ಮತ್ತೆ ಮತ್ತೆ ಬರೆಯುತ್ತಾರೆ. ನಾನು ನೋಡಿದ ಹಸ್ತಪ್ರತಿಗಳಲ್ಲಿ ದೋಷ ಆ ಪುಟದಲ್ಲಿ ಇದ್ದದ್ದು ಅಪರೂಪ. ಎರಡು ಮೂರು ಅಧ್ಯಾಯ ಹಿಂದೆ ಎಲ್ಲೋ ಕಥೆಯ ದಾರಿ ತಪ್ಪಿರುತ್ತದೆ, ಮತ್ತು ಬರೆಯುವವರು ಆವರೆಗೆ ಸಂಪಾದಿಸಿದ ವೇಗದ ಬಲದಿಂದ ಇನ್ನೊಂದಷ್ಟು ದೂರ ಬಂದು ನಿಂತಿರುತ್ತಾರೆ.

ಆದ್ದರಿಂದ ನಿಂತ ಪುಟದಿಂದ ಹಿಂದಕ್ಕೆ ಹೋಗಿ. ಪ್ರತಿಯೊಂದು ದೃಶ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಯಾರಾದರೂ ಏನನ್ನಾದರೂ ನಿರ್ಧರಿಸಿದರೇ, ಅಥವಾ ಯಾರಿಗಾದರೂ ಮೊದಲು ತಿಳಿಯದಿದ್ದ ಏನಾದರೂ ತಿಳಿಯಿತೇ? ಎರಡೂ ಆಗದ ದೃಶ್ಯದ ಪಕ್ಕದಲ್ಲಿ ಗುರುತು ಹಾಕಿ. ಇಂಥ ಗುರುತುಗಳು ಸಾಲಾಗಿ ಬಂದು, ಅವುಗಳ ಹಿಂದೆ ಒಂದು ಗುರುತಿಲ್ಲದ ದೃಶ್ಯ ಸಿಕ್ಕಿತೆನ್ನಿ. ಕಥೆ ಜೀವಂತವಾಗಿದ್ದದ್ದು ಅಲ್ಲಿಯವರೆಗೆ. ದುರಸ್ತಿ ಆ ಜಾಗದಿಂದ ಆರಂಭವಾಗಬೇಕು. ಅದರ ನಂತರದ ಪುಟಗಳಲ್ಲಿ ಒಳ್ಳೆಯ ವರ್ಣನೆಗಳಿರಬಹುದು, ಅವುಗಳ ಮೇಲೆ ಪ್ರೀತಿಯೂ ಇರಬಹುದು. ಸದ್ಯಕ್ಕೆ ಅವನ್ನು ಬೇರೆ ಕಟ್ಟಿಡಿ.

ಹಿಂದಕ್ಕೆ ಹೋಗಿ ಆ ಜಾಗವನ್ನು ಗುರುತಿಸಿದ ಮೇಲೆ ದೋಷ ಯಾವ ಜಾತಿಯದೆಂದು ನೋಡಬೇಕು.

ವಸ್ತು ಕೈಗೆ ಮೀರಿದಾಗ

ಕೃಷ್ಣೆಯ ದಂಡೆಯ ಊರುಗಳಿಂದ ಬರುವ ಅಪೂರ್ಣ ಕಾದಂಬರಿಗಳಲ್ಲಿ ಹೆಚ್ಚಿನವು ಮುಳುಗಡೆಯ ಕುರಿತಾದವು. ಇದು ಸಹಜ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಇಟ್ಟಂದಿನಿಂದ ಈ ಸೀಮೆಯ ಎರಡು ಮೂರು ತಲೆಮಾರುಗಳು ಆ ನೀರಿನ ಲೆಕ್ಕದಲ್ಲಿಯೇ ಬದುಕಿವೆ. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ ನವನಗರ ಎದ್ದದ್ದನ್ನು, ಹೊಲ ಹೋಗಿ ಪರಿಹಾರದ ರೊಕ್ಕ ಬಂದದ್ದನ್ನು, ಆ ರೊಕ್ಕ ಅಣ್ಣತಮ್ಮಂದಿರ ನಡುವೆ ಮಾಡಿದ್ದನ್ನು ಕಣ್ಣಾರೆ ಕಂಡವರು ಬರೆಯದೆ ಇರಲಾರರು. ಬರೆಯಲು ಕೂತಾಗ ಎಲ್ಲವನ್ನೂ ಬರೆಯಬೇಕೆನಿಸುತ್ತದೆ: ಸಮೀಕ್ಷೆಗೆ ಬಂದ ಅಧಿಕಾರಿ, ಮುಳುಗಲಿರುವ ಗುಡಿಯ ಪೂಜಾರಿ, ಪುನರ್ವಸತಿ ಕೇಂದ್ರದಲ್ಲಿ ಸಿಕ್ಕ ನಿವೇಶನ, ಕೋರ್ಟಿನಲ್ಲಿ ಹೆಚ್ಚಿನ ಪರಿಹಾರ ಕೊಡಿಸುವ ವಕೀಲ, ಗುಳೆ ಹೋದ ಕೂಲಿಯವರು. ಹತ್ತು ಅಧ್ಯಾಯವಾದರೂ ಇವರ ಪರಿಚಯವೇ ಮುಗಿದಿರುವುದಿಲ್ಲ. ಬೀಳಗಿ ಕಡೆಯ ತರುಣರೊಬ್ಬರು ಇಂಥ ಹಸ್ತಪ್ರತಿ ತಂದಾಗ ನಮ್ಮಿಬ್ಬರ ನಡುವೆ ಸುಮಾರಾಗಿ ಹೀಗೆ ಮಾತು ನಡೆಯಿತು:

"ಸರ, ಇದು ನಮ್ಮೂರಿನ ಕತಿ ಅಂತ ಬರದೀನ್ರಿ."

"ಊರಿಂದು ಖರೆ ತಮ್ಮಾ. ಆದ್ರ ಊರಾಗ ಯಾರದು?"

"ಯಾರದು ಅಂದ್ರ… ಎಲ್ಲಾರದೂರಿ."

"ಹಂಗಾದ್ರ ಕಡೀ ಪುಟದಾಗ ಯಾರು ಎಲ್ಲಿ ನಿಂತಿರ್ತಾರ, ಹೇಳು ನೋಡೂಣು."

ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ, ಮತ್ತು ದೋಷ ಅಲ್ಲಿಯೇ ಪತ್ತೆಯಾಯಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಣೆಕಟ್ಟೆಯಲ್ಲಿ ಸದ್ಯ 519.60 ಮೀಟರಿನವರೆಗೆ ನೀರು ನಿಲ್ಲಿಸಲಾಗುತ್ತಿದೆ, ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಇನ್ನಷ್ಟು ಊರುಗಳು ಕಾಯುತ್ತ ಕೂತಿವೆ. ಅಂದರೆ ಕಾದಂಬರಿಯ ವಸ್ತುವೇ ಇನ್ನೂ ಮುಗಿದಿಲ್ಲ. ಘಟನೆಯ ಅಂತ್ಯವನ್ನೇ ಕೃತಿಯ ಅಂತ್ಯವಾಗಿಸಲು ಹೊರಟವರು ಸುದ್ದಿಯ ಹಿಂದೆ ಓಡುತ್ತಲೇ ಇರಬೇಕಾಗುತ್ತದೆ, ಮತ್ತು ಪ್ರತಿ ಹೊಸ ಆದೇಶದೊಂದಿಗೆ ಅವರ ಕೊನೆಯ ಅಧ್ಯಾಯ ಹಳೆಯದಾಗುತ್ತದೆ. 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ಗಡಿ ವಿವಾದವನ್ನು ವಸ್ತುವಾಗಿಸಿಕೊಂಡ ಬೆಳಗಾವಿಯ ಬರಹಗಾರರಿಗೂ ಇದೇ ತೊಡಕು ಬರುತ್ತದೆ.

ಈ ದೋಷಕ್ಕೆ ಪರಿಹಾರವನ್ನು ನಮ್ಮದೇ ಸೀಮೆಯ ಕವಿಯೊಬ್ಬರು ಸಾವಿರ ವರ್ಷಗಳ ಹಿಂದೆ ತೋರಿಸಿದ್ದಾರೆ. ಮುಧೋಳದ ರನ್ನನ ಮುಂದೆ ಇಡೀ ಮಹಾಭಾರತದ ಕಥೆ ಇತ್ತು. ಪಂಪ ಅದನ್ನು ಆಗಲೇ ಕನ್ನಡದಲ್ಲಿ ಹೇಳಿಯೂ ಆಗಿತ್ತು. ರನ್ನ ಅದನ್ನು ಮೊದಲಿನಿಂದ ಮತ್ತೆ ಹೇಳಲು ಹೋಗಲಿಲ್ಲ. ಪಂಪಭಾರತದ 13ನೆಯ ಆಶ್ವಾಸದಲ್ಲಿ (ಅಧ್ಯಾಯದಲ್ಲಿ) ಬರುವಷ್ಟು ಭಾಗವನ್ನು, ಅಂದರೆ ಯುದ್ಧದ ಕೊನೆಯಲ್ಲಿ ಭೀಮ ಮತ್ತು ದುರ್ಯೋಧನರು ಎದುರುಬದುರಾಗುವ ಸಂದರ್ಭವನ್ನು, ತನ್ನ ಗದಾಯುದ್ಧಕ್ಕೆ ವಸ್ತುವಾಗಿ ಆರಿಸಿಕೊಂಡು, ಉಳಿದ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ ಒಳಗೆ ತಂದ. ದ್ಯೂತ, ವನವಾಸ, ಅಭಿಮನ್ಯುವಿನ ಸಾವು ಎಲ್ಲವೂ ಅಲ್ಲಿ ಬರುತ್ತವೆ, ಆದರೆ ಕೊನೆಯ ದಿನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ನೆನಪಾಗಿ, ಅಥವಾ ಪ್ರತಿಜ್ಞೆಯನ್ನು ಮುಗಿಸಲು ಹೊರಟ ಭೀಮನ ಮಾತಾಗಿ ಬರುತ್ತವೆ. ಪ್ರತಿಯೊಂದು ಹಿಂದಿನ ಘಟನೆಯೂ ಇಂದಿನ ಒಬ್ಬ ವ್ಯಕ್ತಿಯ ಎದೆಯ ಮೂಲಕ ಬರಬೇಕಾದ್ದರಿಂದ, ಯಾವುದು ಬೇಕು ಯಾವುದು ಬೇಡ ಎಂಬ ಆಯ್ಕೆ ತಾನಾಗಿ ನಡೆಯುತ್ತದೆ.

ಹಿಗ್ಗಿಹೋದ ಕಾದಂಬರಿಗೆ ನಾನು ಮೊದಲು ಸೂಚಿಸುವ ದುರಸ್ತಿ ಇದೇ. ಇಡೀ ಊರಿನ ಕಥೆಯಲ್ಲಿ ಒಂದೇ ದಿನವನ್ನು ಆರಿಸಿಕೊಳ್ಳಿ: ಮನೆಯ ಬಾಗಿಲು ಚೌಕಟ್ಟುಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರುವ ದಿನ, ಪರಿಹಾರದ ಚೆಕ್ಕು ಹಂಚುವ ದಿನ, ಅಥವಾ ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ಗುಡಿ ಹೊರಗೆ ಕಂಡ ದಿನ. ಆ ದಿನದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರಿಗೆ ಸಂಜೆಯೊಳಗೆ ಮಾಡಲೇಬೇಕಾದ ಒಂದು ತೀರ್ಮಾನವನ್ನು ಕೊಡಿ. ಈಗಾಗಲೇ ಬರೆದ ಅಧ್ಯಾಯಗಳಲ್ಲಿ ಯಾವುವು ಆ ವ್ಯಕ್ತಿಯ ನೆನಪಿಗೆ ಸಹಜವಾಗಿ ಬರುತ್ತವೋ ಅಷ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಿ. ಅಧಿಕಾರಿ, ವಕೀಲ, ಪೂಜಾರಿ ಇವರೆಲ್ಲ ತಮ್ಮ ತಮ್ಮ ಕಥೆ ಹೇಳುವುದನ್ನು ನಿಲ್ಲಿಸಿ, ಆ ಒಬ್ಬರ ತೀರ್ಮಾನಕ್ಕೆ ಅಡ್ಡಿಯಾಗಿಯೋ ಒತ್ತಾಸೆಯಾಗಿಯೋ ಬರುವರು. ಕೃತಿ ಚಿಕ್ಕದಾಗುತ್ತದೆ. ಹಾಗೆ ಚಿಕ್ಕದಾದುದನ್ನು ಸೋಲೆಂದು ಭಾವಿಸುವವರು ಗದಾಯುದ್ಧವನ್ನು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಒಂದು ದಿನವನ್ನೂ ಒಬ್ಬ ವ್ಯಕ್ತಿಯನ್ನೂ ಆರಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗದಿದ್ದರೆ, ನಿಮ್ಮ ಬಳಿ ಇರುವುದು ಕಾದಂಬರಿಯಲ್ಲ, ಊರಿನ ಚರಿತ್ರೆ. ಅದನ್ನು ಚರಿತ್ರೆಯಾಗಿಯೇ, ಹೆಸರು ಮತ್ತು ವರ್ಷಗಳ ಸಮೇತ ಬರೆದರೆ ಅದರಷ್ಟು ಉಪಯುಕ್ತವಾದ ಪುಸ್ತಕ ಮತ್ತೊಂದಿಲ್ಲ. ಆಗ ಕಾದಂಬರಿಯನ್ನು ಕೈಬಿಡುವುದೇ ಸರಿ.

ನಿರೂಪಣೆಯ ಭಾಷೆ ಹೊಂದದಿದ್ದಾಗ

ಲಕ್ಷಣ ಇದು: ಸಂಭಾಷಣೆಯ ಭಾಗಗಳು ಸರಾಗವಾಗಿ ಸಾಗುತ್ತವೆ, ನಿರೂಪಣೆ ಬಂದಲ್ಲಿ ಬರೆಯುವವರು ತಡವರಿಸುತ್ತಾರೆ. ಪಾತ್ರಗಳು "ಎಲ್ಲಿಗಿ ಹೊಂಟಿ ಯವ್ವಾ" ಎನ್ನುತ್ತವೆ. ಮರುಕ್ಷಣವೇ "ಆಕೆಯ ಮುಖದಲ್ಲಿ ವಿಷಾದದ ಛಾಯೆ ಆವರಿಸಿತು" ಎಂಬ ವಾಕ್ಯ ಬರುತ್ತದೆ. ಶಾಲೆಯಲ್ಲಿ ಕಲಿತ ಕನ್ನಡವೊಂದು, ಮನೆಯಲ್ಲಿ ಆಡುವ ಕನ್ನಡವೊಂದು ಆಗಿರುವ ನಮ್ಮ ಕಡೆಯ ಬರಹಗಾರರಿಗೆ ಇದು ಹುಟ್ಟಿನಿಂದ ಬಂದ ತೊಡಕು. ಮರಾಠಿ, ಉರ್ದು ಮಾತು ಬೆರೆತ ಬೆಳಗಾವಿ, ವಿಜಯಪುರ ಪಟ್ಟಣಗಳಲ್ಲಿ ಅದು ಇನ್ನೂ ಹೆಚ್ಚು.

ಪರೀಕ್ಷೆಗಾಗಿ, ನಿಂತ ಭಾಗದ ಹಿಂದಿನ ಒಂದು ಪುಟವನ್ನು ತೆಗೆದುಕೊಂಡು ಅದನ್ನು ಎರಡು ಬಗೆಯಲ್ಲಿ ಬರೆಯಿರಿ. ಒಂದರಲ್ಲಿ ನಿರೂಪಣೆಯೂ ಆಡುಮಾತಿನಲ್ಲಿಯೇ ಇರಲಿ: "ಆಕಿ ಬಾಗ್ಲಾ ತಗದ್ಲು. ಅಂಗಳದಾಗ ಮೊಣಕಾಲ್ಮಟಾ ನೀರಿತ್ತು." ಇನ್ನೊಂದರಲ್ಲಿ ನಿರೂಪಣೆ ಬರಹದ ಕನ್ನಡದಲ್ಲಿರಲಿ, ಆದರೆ ಭಾರವಾದ ವಿಶೇಷಣಗಳಿಲ್ಲದೆ: "ಆಕೆ ಬಾಗಿಲು ತೆಗೆದಳು. ಅಂಗಳದಲ್ಲಿ ಮೊಣಕಾಲಿನವರೆಗೆ ನೀರಿತ್ತು." ಎರಡನ್ನೂ ಗಟ್ಟಿಯಾಗಿ ಓದಿ, ಸಾಧ್ಯವಾದರೆ ಇನ್ನೊಬ್ಬರ ಎದುರು. ಎರಡರಲ್ಲಿ ಒಂದು ಮುಂದಿನ ವಾಕ್ಯವನ್ನು ತಾನೇ ಕರೆಯುತ್ತದೆ, ಮತ್ತೊಂದು ಅಲ್ಲಿಗೇ ನಿಲ್ಲುತ್ತದೆ. ಯಾವುದು ಮೇಲು ಎಂಬ ವಾದಕ್ಕೆ ಇಲ್ಲಿ ಹೋಗಬೇಕಾಗಿಲ್ಲ, ಕೃತಿಯೇ ಆರಿಸಿಕೊಳ್ಳುತ್ತದೆ. ಎರಡೂ ನಿಂತರೆ ದೋಷ ಭಾಷೆಯಲ್ಲಿಲ್ಲ, ಬೇರೆಡೆ ಹುಡುಕಿ.

ಈ ಪರೀಕ್ಷೆಯನ್ನು ಒಂಟಿಯಾಗಿ ಮಾಡುವುದಕ್ಕಿಂತ ಇಬ್ಬರು ಮೂವರು ಕೂತು ಮಾಡುವುದು ಉತ್ತಮ. ವಿಜಯಪುರ ಜಿಲ್ಲೆಯ ಹಲಸಂಗಿಯಂಥ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಗೆಳೆಯರಾಗಿ ಕೂಡಿ ದುಡಿದದ್ದರಿಂದಲೇ 1931ರಲ್ಲಿ ಗರತಿಯ ಹಾಡು ಎಂಬ ಜನಪದ ಗೀತೆಗಳ ಸಂಕಲನ ಹೊರಬಂದಿತು. ಹೆಂಗಸರು ಬೀಸುವಾಗ ಹಾಡುತ್ತಿದ್ದ ಮಾತನ್ನು ಕಿವಿಯಿಂದ ಕೇಳಿ ಕಾಗದಕ್ಕೆ ಇಳಿಸಿದ ಆ ಬಳಗದ ಊರು ನಮ್ಮ ಜಿಲ್ಲೆಯಲ್ಲಿಯೇ ಇರುವಾಗ, ಗಟ್ಟಿಯಾಗಿ ಓದಿ ಕೇಳಿಸಿಕೊಳ್ಳುವ ಅಭ್ಯಾಸವನ್ನು ನಾವು ಇಷ್ಟು ಬೇಗ ಬಿಟ್ಟದ್ದು ನನಗೆ ನೋವಿನ ವಿಷಯ.

ರೂಪ ತಪ್ಪಿದಾಗ, ಮತ್ತು ಇನ್ನೆರಡು

ಕಾದಂಬರಿಯ ಮುಕ್ಕಾಲು ಭಾಗ ಬರೀ ಮಾತುಕತೆಯೇ ಆಗಿದ್ದರೆ ಅದು ನಾಟಕವಾಗಲು ಬಯಸುತ್ತಿರಬಹುದು. ಪಾತ್ರವೇ ಮುಂದೆ ಬಂದು, ಭಾಗವತನ ಪ್ರಶ್ನೆಗೆ ಉತ್ತರವಾಗಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ನಾಟಕವನ್ನು ಬಾಲ್ಯದಿಂದ ನೋಡುತ್ತ ಬೆಳೆದವರಿಗೆ ಕಥೆ ಮಾತಿನ ರೂಪದಲ್ಲಿಯೇ ಹೊಳೆಯುವುದು ಸಹಜ. ಒಂದು ಅಧ್ಯಾಯವನ್ನು ನಾಟಕದ ದೃಶ್ಯವಾಗಿ ಬರೆದು ನೋಡಿ. ಏನೂ ಕಳೆದುಕೊಳ್ಳದೆ ಹಗುರವಾದರೆ ಕಾದಂಬರಿಯನ್ನು ಬಿಟ್ಟು ನಾಟಕವನ್ನು ಹಿಡಿಯಿರಿ.

ಕಥೆಯನ್ನು ಬರೆಯುವ ಮೊದಲೇ ಎಲ್ಲರಿಗೂ ಹೇಳಿ ಮುಗಿಸಿದವರಲ್ಲಿ ಬರೆಯುವ ಒತ್ತಡ ಉಳಿದಿರುವುದಿಲ್ಲ. ಇಂಥವರು ಯಾರಿಗೂ ಹೇಳದ ಒಂದು ದೃಶ್ಯ ಉಳಿದಿದೆಯೇ ಎಂದು ಹುಡುಕಿ ಅದನ್ನು ಮೊದಲು ಬರೆಯಬೇಕು. ಉಳಿದಿಲ್ಲವಾದರೆ ಬಿಡಬಹುದು.

ಮೂರನೆಯದು, ಬರೆಯುವವರೇ ಬದಲಾಗಿರುವುದು. ಇಪ್ಪತ್ತೈದರ ವಯಸ್ಸಿನಲ್ಲಿ ತಂದೆಯ ಮೇಲಿನ ಸಿಟ್ಟಿನಿಂದ ಆರಂಭಿಸಿದ ಕಾದಂಬರಿಯನ್ನು, ಸ್ವತಃ ತಂದೆಯಾಗಿ ನಲವತ್ತೈದಕ್ಕೆ ಬಂದವರು ಅದೇ ಸಿಟ್ಟಿನಿಂದ ಮುಗಿಸಲಾರರು. ಇದು ದುರಸ್ತಿಯಾಗುವ ದೋಷವಲ್ಲ. ಕೃತಿಯನ್ನು ಹುಟ್ಟಿಸಿದ ಪ್ರಶ್ನೆಗೆ ಜೀವನವೇ ಉತ್ತರ ಕೊಟ್ಟಿದೆ. ಅದನ್ನು ಗೌರವದಿಂದ ಕೈಬಿಡಿ.

ಮನೆಯವರ ಭಯ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಪತ್ತೆ ಮಾಡುವುದು ಕಷ್ಟ. ಹಸ್ತಪ್ರತಿಯಲ್ಲಿ ಒಂದು ನಿರ್ದಿಷ್ಟ ಪಾತ್ರ, ಸಾಮಾನ್ಯವಾಗಿ ಕಾಕಾ, ಅತ್ತೆ ಅಥವಾ ಹಿರಿಯಣ್ಣ, ಬಂದಾಗಲೆಲ್ಲ ಬರಹ ಸಪ್ಪೆಯಾಗಿ, ಆ ಪಾತ್ರ ಏನು ಮಾಡಿತೆಂಬುದು ಅಸ್ಪಷ್ಟವಾಗಿ ಉಳಿಯುವುದು ಇದರ ಗುರುತು. ಹೊಲದ ಪಾಲು, ಬಿಟ್ಟುಹೋದ ಹೆಂಡತಿ, ಕಟ್ಟಿಕೊಡಬೇಕಾಗಿದ್ದ ಸಾಲ ಇಂಥ ನಿಜ ಸಂಗತಿಗಳ ಮೇಲೆ ನಿಂತ ಕಥೆಗಳು, ಆ ಜನ ಇನ್ನೂ ಅದೇ ಓಣಿಯಲ್ಲಿರುವಾಗ ನಿಲ್ಲುತ್ತವೆ. "ಮನಿ ಮಾತು ಹೊರಗ ಹಾಕಿದಿ" ಎಂಬ ಮಾತನ್ನು ಕೇಳಬೇಕಾಗುವ ಭಯ ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು, ಏಕೆಂದರೆ ತವರು ಮತ್ತು ಅತ್ತೆಮನೆ ಎರಡೂ ಕಡೆಯಿಂದ ಆ ಮಾತು ಬರುತ್ತದೆ.

ಈ ಭಯವನ್ನು ದೌರ್ಬಲ್ಯವೆಂದು ನಾನು ಎಣಿಸುವುದಿಲ್ಲ. ಊರು, ವೃತ್ತಿ, ವಯಸ್ಸು ಬದಲಾಯಿಸಿದರೆ ಭಯ ಕಡಿಮೆಯಾಗುತ್ತದೆಯೇ ಎಂದು ಮೊದಲು ನೋಡಿ. ಅನೇಕ ಸಲ ಗಂಡಸಿನ ಪಾತ್ರವನ್ನು ಹೆಂಗಸಿನದಾಗಿ ಮಾಡಿದೊಡನೆ, ಅಥವಾ ಇಬ್ಬರು ನಿಜ ವ್ಯಕ್ತಿಗಳನ್ನು ಒಂದು ಪಾತ್ರದಲ್ಲಿ ಕೂಡಿಸಿದೊಡನೆ, ಬರೆಯುವವರಿಗೆ ಆ ಪಾತ್ರದ ಮೇಲೆ ಸ್ವಾತಂತ್ರ್ಯ ಬರುತ್ತದೆ. ಅದರಿಂದಲೂ ಆಗದಿದ್ದರೆ, ಬರೆದು ಮುಗಿಸುವುದು ಬೇರೆ, ಪ್ರಕಟಿಸುವುದು ಬೇರೆ ಎಂಬುದನ್ನು ನೆನಪಿಡಿ. ಮುಗಿಸಿ ಬೀಗ ಹಾಕಿಡಬಹುದು. ಆದರೆ ಬರೆದದ್ದರಿಂದ ಬದುಕಿರುವ ಒಬ್ಬರಿಗೆ, ಅದರಲ್ಲೂ ಎದುರು ಮಾತಾಡಲಾರದ ಒಬ್ಬರಿಗೆ, ನಿಜವಾಗಿ ಕೇಡಾಗುವುದೆಂದು ನಿಮ್ಮ ಮನಸ್ಸು ಹೇಳಿದರೆ, ಎತ್ತಿಡುವುದೇ ಸರಿಯಾದ ತೀರ್ಮಾನ, ಮತ್ತು ಅದಕ್ಕೆ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ದುರಸ್ತಿಗೆ ಒಂದು ಮಿತಿ

ದೋಷ ತಿಳಿದ ಮೇಲೆ ಇಡೀ ಕೃತಿಯನ್ನು ಮತ್ತೆ ಬರೆಯಲು ಹೋಗಬೇಡಿ. ಜೀವ ಉಳಿದಿದ್ದ ಆ ಜಾಗದಿಂದ ಒಂದೇ ಅಧ್ಯಾಯವನ್ನು, ಪತ್ತೆಯಾದ ದೋಷವನ್ನು ಸರಿಪಡಿಸಿ ಬರೆಯಿರಿ. ಅದನ್ನು ಕೆಲವು ದಿನ ಮುಟ್ಟದೆ ಇಟ್ಟು ಓದಿ. ಅದರ ಮುಂದಿನ ಅಧ್ಯಾಯ ಏನೆಂಬುದು ನಿಮಗೆ ಹೊಳೆದಿದ್ದರೆ ಕೃತಿ ಬದುಕಿತು. ಅಧ್ಯಾಯ ಚೆನ್ನಾಗಿ ಬಂದಿದೆ, ಆದರೆ ಮುಂದೇನೆಂದು ತಿಳಿಯದು ಎಂದಾದರೆ ಎತ್ತಿಡಿ. ಅಧ್ಯಾಯ ಬರೆಯುವುದೇ ಶಿಕ್ಷೆಯಾಯಿತೆಂದರೆ ಕೈಬಿಡಿ. ಇದೇ ಪರೀಕ್ಷೆಯನ್ನು ವರ್ಷವರ್ಷವೂ ಹೊಸ ಕಾರಣ ಹುಡುಕಿಕೊಂಡು ಮಾಡುತ್ತ ಹೋಗುವುದು ಮತ್ತೆ ನಾಲ್ಕನೆಯ ಸ್ಥಿತಿಗೆ ಮರಳಿದಂತೆ.

ಎತ್ತಿಡುವ ಕ್ರಮ

ನಡುವಾಕ್ಯದಲ್ಲಿ ನಿಂತ ಬರಹವನ್ನು ಹಾಗೆಯೇ ಎತ್ತಿಡಬಾರದು. ಕನಿಷ್ಠಪಕ್ಷ ಆ ದೃಶ್ಯವನ್ನು, ಸಾಧ್ಯವಾದರೆ ಆ ಅಧ್ಯಾಯವನ್ನು ಮುಗಿಸಿ ನಿಲ್ಲಿಸಿ. ಕುಮಾರವ್ಯಾಸನ ಭಾರತ ಹದಿನೆಂಟು ಪರ್ವಗಳಲ್ಲಿ ಹತ್ತಕ್ಕೆ, ಗದಾಪರ್ವಕ್ಕೆ ನಿಲ್ಲುತ್ತದೆ. ಅದು ಒಂದು ಪರ್ವದ ಕೊನೆಯಲ್ಲಿ ನಿಂತಿರುವುದರಿಂದ ಓದುವವರಿಗೆ ಅಲ್ಲಿ ಕಥೆ ತುಂಡಾದಂತೆ ಅನಿಸುವುದಿಲ್ಲ. ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆಯಲು ಕೂತಾಗ ಆತನಿಗೂ ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿ ಗೊಂದಲವಿರಲಿಲ್ಲ. ವರ್ಷಗಳ ನಂತರ ನಿಮ್ಮ ಬರಹಕ್ಕೆ ಮರಳುವ ನೀವೂ ಒಂದು ರೀತಿಯಲ್ಲಿ ಬೇರೊಬ್ಬ ಕವಿಯೇ ಆಗಿರುತ್ತೀರಿ. ಆ ಬೇರೊಬ್ಬರಿಗೆ ಒಂದು ಸಂದು ಬಿಟ್ಟುಕೊಡಿ.

ಜೊತೆಗೆ ಒಂದು ಹಾಳೆ ಬರೆದಿಡಿ. ನಿಲ್ಲಿಸಿದ ತಾರೀಖು, ನಿಲ್ಲಿಸಿದ ಕಾರಣ, ಮುಂದೆ ಬರಬೇಕೆಂದುಕೊಂಡಿದ್ದ ದೃಶ್ಯಗಳು, ಪ್ರತಿ ಪಾತ್ರದ ಹೆಸರು ಮತ್ತು ವಯಸ್ಸು, ಯಾವ ಪರಿಸ್ಥಿತಿ ಬದಲಾದರೆ ಮತ್ತೆ ತೆರೆಯುವಿರಿ ಎಂಬುದು ಅದರಲ್ಲಿರಲಿ. ಕೊನೆಯದು ಎಲ್ಲಕ್ಕಿಂತ ಮುಖ್ಯ. "ಮಗಳ ಲಗ್ನ ಆದ ಮ್ಯಾಲೆ" ಎಂಬುದು ಒಳ್ಳೆಯ ನಮೂದು. "ಮನಸ್ಸು ಬಂದಾಗ" ಎಂಬುದು ಪ್ರಯೋಜನವಿಲ್ಲದ ನಮೂದು. ವಹಿಗಳನ್ನು ಗೋಡೆಗೆ ತಾಗಿದ ಕಟ್ಟಿಗೆಯ ಕಪಾಟಿನಲ್ಲಿ ಇಡಬೇಡಿ, ನಮ್ಮ ಊರುಗಳಲ್ಲಿ ಗೆದ್ದಲಿನ ಕಾಟ ಬಹಳ. ಪ್ರತಿ ಪುಟದ ಫೋಟೋ ತೆಗೆದು ಬೇರೆಡೆಯೂ ಒಂದು ಪ್ರತಿ ಇರಲಿ.

ಕೈಬಿಡುವ ಕ್ರಮ

ಕೈಬಿಡುವುದೆಂದರೆ ಸುಡುವುದಲ್ಲ. ವಕೀಲಿಗಾಗಿ ವಿಜಯಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ಮನೆ ಮತ್ತು ಮಠಗಳ ಮೂಲೆಯಲ್ಲಿದ್ದ ವಚನಗಳ ತಾಳೆಗರಿ ಕಟ್ಟುಗಳನ್ನು ಹುಡುಕಿ ತಂದದ್ದರಿಂದಲೇ 1923ರಲ್ಲಿ ವಚನಶಾಸ್ತ್ರಸಾರ ಬಂದಿತು. ಆ ಮನೆಯವರು ಅವುಗಳನ್ನು ಓದುತ್ತಿರಲಿ ಬಿಡಲಿ, ಎಸೆಯದೆ ಉಳಿಸಿದ್ದರು. ನಿಮ್ಮ ಅಪೂರ್ಣ ಕಾದಂಬರಿಯಲ್ಲಿ ಈಗ ನೀರಿನಡಿ ಇರುವ ಓಣಿಯೊಂದರ ಮನೆಗಳ ಸಾಲು, ಅಲ್ಲಿನ ಹಬ್ಬ, ಅಲ್ಲಿನ ಬೈಗುಳ ದಾಖಲಾಗಿದ್ದರೆ, ಕಾದಂಬರಿಯಾಗಿ ಅದು ನಿಲ್ಲದಿದ್ದರೂ ಕಾಗದವಾಗಿ ಅದಕ್ಕೆ ಬೆಲೆಯಿದೆ.

ಮೊದಲು, ಉಳಿಸಿಕೊಳ್ಳಬಹುದಾದದ್ದನ್ನು ಬಿಡಿಸಿಕೊಳ್ಳಿ. ತಾನಾಗಿ ನಿಲ್ಲಬಲ್ಲ ಒಂದು ದೃಶ್ಯ ಸಣ್ಣಕಥೆಯಾಗಬಹುದು. ಒಂದು ಪಾತ್ರ ಬೇರೆ ಕೃತಿಗೆ ಹೋಗಬಹುದು. ಹಾಗೆ ಸಾಗಿಸುವಾಗ ಎಚ್ಚರ ಬೇಕು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ (ಉದ್ದದ ಎಳೆಗಳನ್ನೂ) ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಳೆಯ ದೃಶ್ಯವನ್ನು ಹೊಸ ಕೃತಿಗೆ ಸೇರಿಸುವಾಗಲೂ ಅಂಥದೇ ತಾಳ್ಮೆಯಿಂದ ಕಾಲ, ವಯಸ್ಸು, ಮಾತಿನ ಧಾಟಿ ಪ್ರತಿಯೊಂದನ್ನೂ ಹೊಸದಕ್ಕೆ ಹೊಂದಿಸಬೇಕು. ಪುಟಗಳನ್ನು ಇದ್ದಂತೆಯೇ ತಂದು ಅಂಟಿಸಿದರೆ ಹೊಸ ಕೃತಿಯೂ ಅದೇ ಜಾಗದಲ್ಲಿ ನಿಲ್ಲುತ್ತದೆ.

ಆಮೇಲೆ, ಕೈಬಿಟ್ಟದ್ದನ್ನು ತಿಳಿಯಬೇಕಾದವರಿಗೆ ತಿಳಿಸಿ. ಪ್ರಕಾಶಕರಿಗೆ ಮಾತು ಕೊಟ್ಟಿದ್ದರೆ ಅವರಿಗೆ, ಮುನ್ನುಡಿ ಬರೆಯಲು ಒಪ್ಪಿದ ಹಿರಿಯರಿಗೆ, ಪ್ರತಿ ಸಲ ಭೇಟಿಯಾದಾಗ ವಿಚಾರಿಸುವ ಗೆಳೆಯರಿಗೆ. "ಅದನ್ನ ಬಿಟ್ಟೇನ್ರಿ" ಎಂಬ ಒಂದು ಮಾತು ಸಾಕು. ಹೇಳಲು ಕಷ್ಟವಾಗುತ್ತದೆ, ಹೇಳಿದ ದಿನ ಬೇಸರವೂ ಆಗುತ್ತದೆ. ಆ ಬೇಸರ ಸಹಜವಾದದ್ದು, ಅದಕ್ಕೆ ಅವಕಾಶ ಕೊಡಿ. ಹೇಳದೆ ಉಳಿಸಿಕೊಂಡ ತೀರ್ಮಾನವು ತೀರ್ಮಾನವಾಗಿ ಉಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ಮತ್ತೆ ಅನುಮಾನವಾಗುತ್ತದೆ.

ದೋಷ ಮರುಕಳಿಸಿದರೆ

ಒಂದಕ್ಕಿಂತ ಹೆಚ್ಚು ಕೃತಿಗಳು ಹೀಗೆ ನಿಂತಿದ್ದರೆ, ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವ ಮೊದಲು ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದೂ ಕಥೆಯ ಯಾವ ಘಟನೆಯ ಹತ್ತಿರ ನಿಂತಿದೆ ಎಂದು ನೋಡಿ. ಪುಟದ ಸಂಖ್ಯೆಯನ್ನು ನೋಡಬೇಡಿ, ಘಟನೆಯನ್ನು ನೋಡಿ. ಒಬ್ಬ ಶಿಕ್ಷಕಿಯ ಎಲ್ಲ ಅಪೂರ್ಣ ಕಥೆಗಳೂ ಮಗಳು ಮನೆ ಬಿಟ್ಟು ಹೊರಡುವ ಮುನ್ನಾದಿನಕ್ಕೆ ಬಂದು ನಿಲ್ಲುತ್ತಿದ್ದವು. ವಸ್ತು, ಊರು, ಕಾಲ ಎಲ್ಲವೂ ಬೇರೆ ಬೇರೆಯಾಗಿದ್ದವು. ನಿಲ್ಲುವ ಬಾಗಿಲು ಮಾತ್ರ ಅದೇ. ಇಂಥ ಸಂದರ್ಭದಲ್ಲಿ ದೋಷ ಯಾವ ಒಂದು ಕೃತಿಯದೂ ಅಲ್ಲ, ಆದ್ದರಿಂದ ಕೃತಿಗಳನ್ನು ದುರಸ್ತಿ ಮಾಡುತ್ತ ಹೋಗುವುದು ವ್ಯರ್ಥ. ಎಲ್ಲವನ್ನೂ ಮೇಲೆ ಹೇಳಿದ ಕ್ರಮದಲ್ಲಿ ಎತ್ತಿಟ್ಟು, ಆ ದಾಟಲಾಗದ ದೃಶ್ಯವೊಂದನ್ನೇ, ಹಿಂದಿನ ಕಥೆಯಿಲ್ಲದೆ, ಮುಂದಿನ ಕಥೆಯ ಹೊಣೆಯಿಲ್ಲದೆ, ನಾಲ್ಕೈದು ಪುಟಗಳಲ್ಲಿ ಬರೆಯಿರಿ. ಮಗಳು ಹೊಸ್ತಿಲು ದಾಟಬೇಕು, ಮತ್ತು ದಾಟಿದ ಮೇಲೆ ಮನೆಯೊಳಗೆ ಉಳಿದವರು ಏನು ಮಾಡಿದರೆಂಬುದನ್ನೂ ಬರೆಯಬೇಕು. ಅದು ಬರೆದಾದ ಮೇಲೆಯೇ ಎತ್ತಿಟ್ಟ ಕಥೆಗಳಲ್ಲಿ ಯಾವುದನ್ನು ಮತ್ತೆ ತೆರೆಯಬೇಕು ಎಂಬ ಪರೀಕ್ಷೆಯನ್ನು ಆರಂಭಿಸಿ.